‘ಆಚೆ’ ಎಂಬ ಮಾತು, ಬೋರೋಸಿನಲ್ಲಿ

ಹೊರಟ ಮೂವರು

ಬೋರೋಸ್ ಎಂಬ ಊರನ್ನು ನೋಡಬೇಕೆಂದು ನಾನು ಎಂದೂ ಆಸೆಪಟ್ಟವಳಲ್ಲ. ಸ್ವೀಡನ್ನಿನ ಪಶ್ಚಿಮಕ್ಕಿರುವ ಆ ಊರು ಒಂದು ಕಾಲಕ್ಕೆ ಬಟ್ಟೆ ಕಾರ್ಖಾನೆಗಳಿಂದ ತುಂಬಿತ್ತಂತೆ. ಈಗ ಅವು ಮುಚ್ಚಿವೆ. ಅಲ್ಲಿ ಹೊಲಿಯುತ್ತಿದ್ದ ಅಂಗಿಗಳನ್ನು ಈಗ ನಮ್ಮ ಕಡೆ ಹೊಲಿಯುತ್ತಾರೆ. ಅಲ್ಲಿ ಉಳಿದಿರುವುದು ಸಂಘ ಮಾತ್ರ. ಹೊಲಿಯುವವರೇ ಇಲ್ಲದ ಹೊಲಿಗೆಯವರ ಸಂಘವೊಂದು, ಹೊಲಿಯುವವರಿದ್ದೂ ಸಂಘವಿಲ್ಲದ ನಮ್ಮ ಸೀಮೆಯಿಂದ ಮೂವರನ್ನು ಐದು ದಿನಕ್ಕೆ ಕರೆಸಿಕೊಂಡಿತು. ಕೆಲಸ ಮಾಡುವವರು ಒಬ್ಬರು, ಸಂಘ ನಡೆಸುವವರು ಒಬ್ಬರು, ಮಾತು ದಾಟಿಸುವವರು ಒಬ್ಬರು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರು.

ನಮ್ಮಲ್ಲಿ ಸಂಘವಿಲ್ಲ ಎಂದರೆ ನಾಗಮಂಗಲದ ಮರಿಸ್ವಾಮಣ್ಣ ಸಿಟ್ಟಾಗುತ್ತಾರೆ. ಅವರ ಬಳಿ ಲೆಟರ್‌ಹೆಡ್ ಇದೆ, ರಬ್ಬರ್ ಮೊಹರು ಇದೆ, ಕಾರಿನ ಮುಂದೆ ‘ಅಧ್ಯಕ್ಷರು’ ಎಂಬ ಕೆಂಪು ಬೋರ್ಡಿದೆ. ಯಾವ ಕಾರ್ಖಾನೆಯ ಗೇಟಿನೊಳಗೂ ಕೆಲಸಕ್ಕೆಂದು ಅವರು ಕಾಲಿಟ್ಟಿಲ್ಲ. ಗೇಟಿನ ಹೊರಗೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಸಂಘ ನಡೆಸುವವರ ಜಾಗಕ್ಕೆ ಅವರು ತಮ್ಮನ್ನೇ ನೇಮಿಸಿಕೊಂಡರು.

ಕೆಲಸ ಮಾಡುವವರ ಜಾಗಕ್ಕೆ ಭಾಗ್ಯ ಬಂದಳು. ಬೂಕನಕೆರೆಯ ಹೆಂಗಸು, ಮೂವತ್ತರ ಆಸುಪಾಸು. ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ ಇರುವ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರು ಕೂರಿಸುತ್ತಾಳೆ. ದಿನವೂ ಕಂಪನಿ ಬಸ್ಸು ಊರಿಗೇ ಬಂದು ಕರೆದೊಯ್ದು ಊರಿಗೇ ತಂದು ಬಿಡುತ್ತದೆ. ಅವಳನ್ನು ಆರಿಸಿದ್ದು ಮರಿಸ್ವಾಮಣ್ಣ. ‘ಸೈಲೆಂಟು ಕಣಮ್ಮ, ಹೆಚ್ಚು ಮಾತಾಡಕಿಲ್ಲ’ ಎಂದು ನನಗೆ ಕಾರಣ ಹೇಳಿದರು. ನನ್ನನ್ನು ಆರಿಸಿದ್ದಕ್ಕೂ ಅದೇ ಕಾರಣವಿದ್ದಿರಬೇಕು. ನಾನು ಕೃಷ್ಣರಾಜಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಮನೆ ಶ್ರೀರಂಗಪಟ್ಟಣದಲ್ಲಿ, ಅಪ್ಪ ದೇವಸ್ಥಾನದ ಸೇವೆಯಲ್ಲಿದ್ದಾರೆ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದೇನೆ. ನನ್ನ ವಿಷಯ ಇಷ್ಟು ಸಾಕು.

ವಿಮಾನದಲ್ಲಿ ನಡೆದದ್ದೊಂದನ್ನು ಹೇಳಬೇಕು. ಹೊರಟು ಐದು ಗಂಟೆ ಕಳೆದರೂ ಭಾಗ್ಯ ಸೀಟಿನಿಂದ ಏಳಲಿಲ್ಲ. ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿ ಪಾಯಿಖಾನೆಯ ಬಾಗಿಲನ್ನೇ ನೋಡುತ್ತಿದ್ದಳು. ಹೋಗಿ ಬರಬಾರದೇ ಎಂದು ಕೇಳಿದೆ. ನಮ್ಮ ಸಾಲಿನ ಟೋಕನ್ನು ಯಾರ ಹತ್ತಿರ ಇದೆಯೋ ಗೊತ್ತಾಗುತ್ತಿಲ್ಲ, ಎದ್ದು ಹೋದವರು ಯಾರೂ ತಂದು ಕೊಡುತ್ತಿಲ್ಲ ಎಂದಳು. ಅವಳ ಕಾರ್ಖಾನೆಯಲ್ಲಿ ಒಂದು ಲೈನಿಗೆ, ಎಂದರೆ ನಲವತ್ತು ಮಿಷಿನ್ನಿಗೆ, ಒಂದೇ ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಪಾಯಿಖಾನೆಗೆ ಹೋಗಬಹುದು. ಅವಳು ಬಂದ ಮೇಲೆ ಇನ್ನೊಬ್ಬಳು. ವಿಮಾನದ ಸಾಲುಗಳಿಗೆ ನಂಬರು ಬರೆದಿದ್ದನ್ನು ನೋಡಿ ಇಲ್ಲೂ ಅದೇ ಎಂದುಕೊಂಡಿದ್ದಾಳೆ. ಟೋಕನ್ ಇಲ್ಲ ಎಂದೆ. ಅವಳು ನಂಬಲಿಲ್ಲ. ನಾನೇ ಎದ್ದು ಹೋಗಿ, ಬಂದು, ಬರಿಗೈ ತೋರಿಸಿದ ಮೇಲೆ ಎದ್ದಳು. ಪಕ್ಕದಲ್ಲಿ ಅಧ್ಯಕ್ಷರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ಮೊದಲ ಬೆಳಿಗ್ಗೆ

ಮರಿಸ್ವಾಮಣ್ಣನಿಗೆ ಹೋಟೆಲು, ನಮ್ಮಿಬ್ಬರಿಗೆ ಇಂಗ್ರಿಡ್ ಎಂಬವರ ಮನೆ ಎಂದು ಏರ್ಪಾಡಾಗಿತ್ತು. ಇಂಗ್ರಿಡ್ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಹದಿನಾರನೇ ವಯಸ್ಸಿಗೆ ಅಂಗಿಯ ಕಾರ್ಖಾನೆ ಸೇರಿ, ಅದು ಮುಚ್ಚುವವರೆಗೂ ಹೊಲಿದವರು. ನಿಧಾನವಾದ, ಸರಿಯಾದ ಇಂಗ್ಲಿಷ್ ಆಡುತ್ತಾರೆ. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆಗೆದವರು ಕೈಕುಲುಕಿ, ಶೂ ಎಲ್ಲಿ ಬಿಡಬೇಕು, ಯಾವ ಟವೆಲ್ಲು ಯಾರದು ಎಂದು ತೋರಿಸಿ, ‘ಅಡುಗೆಮನೆ ಅಲ್ಲಿದೆ’ ಎಂದು ಹೇಳಿ ಹೋಗಿ ಕೂತುಬಿಟ್ಟರು. ಇವರ ಆತಿಥ್ಯ ಅಲ್ಲಿಗೆ ಮುಗಿಯುತ್ತದೆ. ಬಂದವರಿಗೆ ಬಲವಂತ ಮಾಡಿ ತಿನ್ನಿಸುವುದು ಇವರಿಗೆ ಗೊತ್ತಿಲ್ಲ. ಎರಡನೇ ಸಲ ಕೇಳುವುದೂ ಇಲ್ಲ. ನಾವಿಬ್ಬರೂ ನಮ್ಮ ಕಡೆಯ ಮರ್ಯಾದೆಯಂತೆ ಮೊದಲ ಸಲಕ್ಕೆ ‘ಬೇಡ’ ಎಂದೆವು. ಆ ಸಂಜೆ ಹಸಿದುಕೊಂಡೇ ಇದ್ದೆವು.

ಮಾರನೆಯ ಬೆಳಿಗ್ಗೆ ಸಂಘದ ಕಚೇರಿಗೆ ಹೋದಾಗ ಒಂಬತ್ತೂವರೆ. ಆ ಹೊತ್ತಿಗೆ ಆ ದೇಶದಲ್ಲಿ ಭೂಮಿ ಬಿರಿದರೂ ಕಾಫಿ ಕುಡಿಯುತ್ತಾರೆ. ಕೆಲಸದ ನಡುವೆ ಹದಿನೈದು ನಿಮಿಷ ಕೂತು ಕಾಫಿ ಕುಡಿಯುವ ಹಕ್ಕಿಗಾಗಿ ಯಾರೋ ಅಜ್ಜಂದಿರು ಕೆಲಸ ನಿಲ್ಲಿಸಿದ್ದರಂತೆ. ಈಗಿನವರಿಗೆ ಅದು ಹಕ್ಕೆಂಬುದೂ ಮರೆತಿದೆ, ಉಸಿರಾಟದ ಹಾಗೆ ಆಗಿದೆ. ಕಚೇರಿಯ ದೊಡ್ಡವರು, ಸಣ್ಣವರು, ನೆಲ ಒರೆಸುವವರು ಎಲ್ಲರೂ ಒಂದೇ ಮೇಜಿಗೆ ಬಂದರು. ತಮ್ಮ ಲೋಟಕ್ಕೆ ತಾವೇ ಬಗ್ಗಿಸಿಕೊಂಡರು, ತಾವೇ ತೊಳೆದಿಟ್ಟರು. ಸಮಾನತೆಯ ಕಾಫಿ ಕಹಿಯಾಗಿತ್ತು, ನೀರಾಗಿತ್ತು.

ಮರಿಸ್ವಾಮಣ್ಣ ಕುರ್ಚಿಯಲ್ಲಿ ಒರಗಿ ಖಾಲಿ ಲೋಟವನ್ನು ಪಕ್ಕಕ್ಕೆ ಚಾಚಿ ಹಿಡಿದರು. ಯಾರೂ ತುಂಬಲಿಲ್ಲ. ಸುಮಾರು ಹೊತ್ತು ಆ ಕೈ ಹಾಗೇ ಗಾಳಿಯಲ್ಲಿತ್ತು. ಕೊನೆಗೆ ನನ್ನ ಕಡೆ ತಿರುಗಿ, ಇಷ್ಟು ಜನ ಹೆಣ್ಣುಮಕ್ಕಳಿದ್ದಾರೆ, ಒಬ್ಬಳಾದರೂ ಎದ್ದು ಹಾಕಬಾರದೇ ಎಂದರು. ಅದನ್ನು ಅನುವಾದ ಮಾಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಲೋಟ ತುಂಬಿದ್ದು ಭಾಗ್ಯ. ನಾನು ನಗುವ ಹಾಗಿಲ್ಲ: ನಮ್ಮ ಕಾಲೇಜಿನಲ್ಲಿ ಸಮಾಜವಾದದ ಪಾಠ ಮುಗಿಸಿ ಬಂದ ಅಧ್ಯಾಪಕರು ಬೆಲ್ಲು ಒತ್ತುತ್ತಾರೆ, ಅಟೆಂಡರು ಟೀ ತರುತ್ತಾನೆ. ಆ ಲೋಟವನ್ನು ನಾನೂ ಒಮ್ಮೆಯೂ ತೊಳೆದಿಟ್ಟವಳಲ್ಲ.

ಬಟ್ಟೆ ಒಗೆಯುವ ಕೋಣೆ

ಈ ಜನ ದೇವತೆಗಳೆಂದು ಓದುಗರು ತಿಳಿಯಬಾರದು. ಅವರ ಕಟ್ಟಡಗಳ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿರುತ್ತದೆ. ಬಡವರ ಮನೆಯ ಹೆಂಗಸರೂ ಕೈಯಲ್ಲಿ ಒಗೆಯಬಾರದು ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ್ದು. ಗೋಡೆಯ ಮೇಲೆ ವೇಳಾಪಟ್ಟಿ. ಪ್ರತಿ ಮನೆಗೂ ಅದರದೇ ಹೊತ್ತು. ಭಾಗ್ಯ ಎರಡನೇ ದಿನ ಮಧ್ಯಾಹ್ನ, ಖಾಲಿ ಇದೆಯಲ್ಲ ಎಂದು ನಮ್ಮ ನಾಲ್ಕು ಬಟ್ಟೆ ಹಾಕಿ ಬಂದಳು. ಸಂಜೆಗೆ ಬಟ್ಟೆಗಳು ಒದ್ದೆಯಾಗಿಯೇ ನೆಲದ ಮೇಲಿದ್ದವು. ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಇಂಗ್ರಿಡ್ ಓದಿ ಹೇಳಿದರು: ‘ಓದಲು ಬರುವವರು ಪಟ್ಟಿಯನ್ನು ಓದುತ್ತಾರೆ.’ ಸಹಿ ಇರಲಿಲ್ಲ, ಕೊನೆಯಲ್ಲಿ ನಗುವ ಮುಖದ ಚಿತ್ರವೊಂದಿತ್ತು.

ನಮ್ಮ ಬೀದಿ ನಲ್ಲಿಯ ಮುಂದೆ ಕೊಡ ಮುಂದಿಟ್ಟರೆ ಕೂಗಾಡಿ, ಜುಟ್ಟು ಹಿಡಿದು, ಸಂಜೆಗೆ ಮಾತಾಡಿಕೊಳ್ಳುತ್ತಾರೆ. ಇಲ್ಲಿ ನೂರು ವರ್ಷದ ಸುಧಾರಣೆಯ ಫಲವಾಗಿ ಜಗಳವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಮೆಟ್ಟಿಲಲ್ಲಿ ಸಿಕ್ಕರೆ ತಲೆಬಾಗಿ ಹೋಗುತ್ತಾರೆ. ಚೀಟಿ ಬರೆದವರು ಯಾರು ಎಂದು ಇಂಗ್ರಿಡ್‌ಗೆ ಗೊತ್ತಿತ್ತು, ಹೇಳಲಿಲ್ಲ. ಭಾಗ್ಯ ಬಟ್ಟೆ ಹಿಂಡುತ್ತಾ, ‘ಬೈಯೋದಾದ್ರೆ ಎದ್ರುಗೆ ಬಂದು ಬೈಯಕ್ಕೇನು ಇವ್ರಿಗೆ?’ ಎಂದಳು. ಆಮೇಲೆ ಇಂಗ್ರಿಡ್‌ರ ಪರದೆಯ ಅಂಚನ್ನು ಬೆರಳಲ್ಲಿ ಎಳೆದು ನೋಡಿ, ಹೊಲಿಗೆ ಸಡಿಲವಾಗಿದೆ, ನಮ್ಮ ಲೈನಿನಲ್ಲಾಗಿದ್ದರೆ ವಾಪಸ್ ಬರುತ್ತಿತ್ತು ಎಂದಳು. ನಾನು ದಾಟಿಸಿದೆ. ಇಂಗ್ರಿಡ್ ಎದ್ದು ಬಂದು, ತಾವೂ ಅದೇ ರೀತಿ ಎಳೆದು ನೋಡಿ, ಒಪ್ಪಿಕೊಂಡರು. ಅವರಿಬ್ಬರ ನಡುವೆ ನಾನು ಬೇಡವಾಗಿದ್ದ ಹೊತ್ತು ಅದೊಂದೇ.

ಜನರ ಮನೆ

ಮೂರನೆಯ ದಿನ ಸಭೆ. ಊರೂರಲ್ಲೂ ಕಾರ್ಮಿಕರೇ ಕಟ್ಟಿಕೊಂಡ ‘ಜನರ ಮನೆ’ ಎಂಬ ಸಭಾಂಗಣಗಳಿವೆ. ಬೋರೋಸಿನದರಲ್ಲಿ ನಲವತ್ತು ಜನ ಕೂತಿದ್ದರು, ಬಹುಪಾಲು ನರೆತ ತಲೆಗಳು. ಸಂಘದ ಕಾರ್ಯದರ್ಶಿ ಯೋಹಾನ್ ಎಂಬ ಚುರುಕಿನ ಮನುಷ್ಯ. ಇಲ್ಲಿ ಕೇಳಿದ್ದನ್ನೆಲ್ಲ ಒಂದು ಪತ್ರ ಮಾಡಿ, ಭಾಗ್ಯಳ ಕಾರ್ಖಾನೆಯಿಂದ ಅಂಗಿ ಕೊಳ್ಳುವ ದೊಡ್ಡ ಕಂಪನಿಗೆ ಮಾರನೆಯ ದಿನ ಹನ್ನೆರಡು ಗಂಟೆಗೆ ಕಳಿಸುತ್ತೇವೆ, ಅಲ್ಲಿಂದ ಅದು ಕಾರ್ಖಾನೆಗೆ ಹೋಗುತ್ತದೆ ಎಂದು ಮೊದಲೇ ಹೇಳಿದ. ಸಾಕ್ಷಿಯಾಗಿ ಭಾಗ್ಯಳ ಹೆಸರು ಇರುತ್ತದೆ.

ಮೊದಲು ಮರಿಸ್ವಾಮಣ್ಣ ಮಾತಾಡಿದರು. ನಮ್ಮ ಸರ್ಕಾರ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ ಕೊಟ್ಟಿದೆಯಲ್ಲ, ಅದನ್ನು ತಾವೇ ತಂದಂತೆ ಹೇಳಿಕೊಂಡರು. ಅವರು ಬಳಸಿದ ಪದ ‘ಹೆಣ್ಮಕ್ಳ ರಜ’. ನಾನು ‘ಮಹಿಳೆಯರ ರಜೆ’ ಎಂದು ದಾಟಿಸಿದೆ. ಯಾವ ರಜೆ ಎಂದು ಯಾರೂ ಕೇಳಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಆಮೇಲೆ ಯೋಹಾನ್ ಭಾಗ್ಯಳನ್ನು, ನಿಮ್ಮ ದೊಡ್ಡ ಕಷ್ಟ ಯಾವುದು ಎಂದು ಕೇಳಿದ. ಅವಳು ಎದ್ದು ನಿಂತಳು. ಕೂತೇ ಮಾತಾಡಿ ಎಂದರೂ ಕೂರಲಿಲ್ಲ.

‘ತಿಂಗ್ಳಿಗೆ ಮೂರ್ ದಿನ ಆಚೆ ಇರ್ತೀವಿ. ಆಚೆ ಇದ್ರೂವೆ ಫ್ಯಾಕ್ಟ್ರಿ ತಪ್ಪುಸಾಕಿಲ್ಲ. ರಜ ಏನೋ ಕೊಟ್ಟವ್ರೆ, ತಕಳಕ್ಕಾಗಕಿಲ್ಲ.’

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಚೆ ಎಂದರೆ ಮುಟ್ಟು; ಮನೆಯ ಹೊರಗೆ ಜಗಲಿಯಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಬೇರೆ ತಟ್ಟೆ, ಬೇರೆ ಚಾಪೆಯಲ್ಲಿ ಕಳೆಯುವ ಮೂರು ದಿನ. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಇದಕ್ಕೆ ‘ದೂರ’ ಎನ್ನುತ್ತಾರೆ. ಬೂಕನಕೆರೆಯದು ಆಚೆ, ನಮ್ಮದು ದೂರ. ಅಂತರದಲ್ಲಿ ಮಾತ್ರ ವ್ಯತ್ಯಾಸ. ನಮ್ಮ ದೂರಕ್ಕೆ ಮಹಡಿಯ ಮೇಲೆ ಒಂದು ಕೋಣೆಯಿದೆ, ವೈ-ಫೈ ಇದೆ. ನಾನು ನನ್ನ ಎಂ.ಎ. ಪ್ರಬಂಧದ ಒಂದು ಅಧ್ಯಾಯವನ್ನು ಅಲ್ಲಿ ಕೂತೇ ಬರೆದೆ. ಅದು ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಇತ್ತು.

ಹೀಗೆ ಆ ಪದ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎಡಗಡೆಗೆ ಮರಿಸ್ವಾಮಣ್ಣ ಕೂತಿದ್ದರು, ಎದುರಿಗೆ ನಲವತ್ತು ಅಪರಿಚಿತ ಮುಖಗಳಿದ್ದವು. ನಾನು ಅವಳ ಪದಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ಇಟ್ಟೆ. ತಿಂಗಳಿಗೆ ಮೂರು ದಿನ ನಾವು ಹೊರಗಿರುತ್ತೇವೆ. ಹೊರಗಿದ್ದರೂ ಕಾರ್ಖಾನೆಗೆ ಬರುತ್ತೇವೆ. ರಜೆ ಕೊಟ್ಟಿದ್ದಾರೆ, ತೆಗೆದುಕೊಳ್ಳಲು ಆಗುವುದಿಲ್ಲ. ಒಂದು ಪದವೂ ತಪ್ಪಿರಲಿಲ್ಲ.

ಸಭೆಯಲ್ಲಿ ಉಸಿರೆಳೆದುಕೊಂಡ ಸದ್ದಾಯಿತು. ಯೋಹಾನ್ ಬರೆಯುತ್ತಿದ್ದವನು ತಲೆಯೆತ್ತಿ, ಗೇಟಿನ ಹೊರಗೆಯೇ ಎಂದು ಕೇಳಿದ. ಉತ್ತರಕ್ಕೆ ಕಾಯದೆ ಪಕ್ಕದವರಿಗೆ ಏನೋ ಹೇಳಿದ. ಅದು ಕೊನೆಯ ಸಾಲಿನವರೆಗೂ ಹೋಯಿತು. ತಿಂಗಳಿಗೆ ಮೂರು ದಿನ ಕಾರ್ಖಾನೆಯವರು ಹೆಂಗಸರನ್ನು ಗೇಟಿನಾಚೆ ನಿಲ್ಲಿಸಿ ಬಾಗಿಲು ಹಾಕುತ್ತಾರೆ. ಆ ಬಡಪಾಯಿಗಳು ಆದರೂ ದಿನವೂ ಬಂದು ಗೇಟಿನ ಮುಂದೆ ನಿಲ್ಲುತ್ತಾರೆ. ಅವರು ಕಂಡುಕೊಂಡ ಚಿತ್ರ ಇದು. ಒಬ್ಬ ಹೆಂಗಸು ಬಂದು ಭಾಗ್ಯಳ ಎರಡೂ ಕೈ ಹಿಡಿದುಕೊಂಡು, ಎಂಥ ಧೈರ್ಯ ಎಂದು ಕಣ್ಣೀರು ತಂದುಕೊಂಡಳು. ದೂರದವರ ಕಷ್ಟ ಕೇಳಿ ಅಳುವುದರಲ್ಲಿ ಒಂದು ಸುಖವಿದೆ. ಅವಳು ಅದನ್ನು ಪೂರ್ತಿಯಾಗಿ ಅನುಭವಿಸುತ್ತಿದ್ದಳು. ಮರಿಸ್ವಾಮಣ್ಣನಿಗೆ ಏನೂ ಅರ್ಥವಾಗಿರಲಿಲ್ಲ, ಆದರೆ ಸಭೆ ಬಿಸಿಯಾದದ್ದು ಅರ್ಥವಾಯಿತು. ಮೇಜು ಗುದ್ದಿ ‘ಅನ್ಯಾಯ’ ಎಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ನನಗೆ ತಿದ್ದಲು ಸಮಯವಿತ್ತು. ಕಡಿಮೆಯೆಂದರೂ ಐದು ನಿಮಿಷ. ನಾನು ನೀರು ಕುಡಿದೆ.

ಹೋಟೆಲಿನ ಲಾಬಿ

ಸಂಜೆ ನಾಲ್ಕಕ್ಕೆ ಮರಿಸ್ವಾಮಣ್ಣನ ಹೋಟೆಲಿಗೆ ಹೋದೆ. ತಪ್ಪು ಅರ್ಥವಾಗಿದೆ, ಆಚೆ ಎಂದರೆ ಗೇಟಿನಾಚೆ ಎಂದುಕೊಂಡಿದ್ದಾರೆ, ನಾಳೆ ಪತ್ರ ಹೋದರೆ ಕಾರ್ಖಾನೆಯವರು ಬಾಗಿಲು ಹಾಕಿದ್ದೇ ಸುಳ್ಳು ಎಂದು ತೋರಿಸುವುದು ಎರಡು ನಿಮಿಷದ ಕೆಲಸ, ಆಮೇಲೆ ಪರದೇಶದಲ್ಲಿ ಸುಳ್ಳು ಹೇಳಿದವಳೆಂದು ಭಾಗ್ಯಳನ್ನು ಕೆಲಸದಿಂದ ತೆಗೆಯುತ್ತಾರೆ ಎಂದೆ. ಇಷ್ಟನ್ನೂ ಮುಟ್ಟು ಎಂಬ ಪದ ಬಳಸದೆಯೇ ಹೇಳಿ ಮುಗಿಸಿದೆ.

ಅವರು ಸೋಫಾದಲ್ಲಿ ಕಾಲು ಮಡಿಸಿ ಕೂತು ಚಕ್ಕುಲಿ ತಿನ್ನುತ್ತಿದ್ದರು.

‘ಆಚೆ ಅಂದ್ರೆ ಆಚೆನೇ ಕಣಮ್ಮ. ನೀನೇನು ಸುಳ್ಳು ಏಳಿದ್ಯಾ? ಇಲ್ಲ. ಅವ್ಳೇನು ಸುಳ್ಳು ಏಳಿದ್ಲಾ? ಇಲ್ಲ. ಅವ್ರು ಅಂಗೆ ತಿಳ್ಕಂಡ್ರೆ ನಾವೇನು ಮಾಡದು, ಬುಡು.’

ಕೆಲಸ ಹೋದರೆ ಎಂದೆ.

‘ಓದ್ರೆ ಓರಾಟ ಮಾಡಾಣ. ನಾನಿಲ್ವಾ?’

ಅವರ ಹೋರಾಟಕ್ಕೆ ಒಬ್ಬ ಕೆಲಸ ಕಳೆದುಕೊಂಡವಳು ಬೇಕಾಗಿತ್ತು ಎಂದು ಆಗ ಹೊಳೆಯಿತು. ಕೆಲಸದಲ್ಲಿರುವ ಭಾಗ್ಯಳಿಂದ ಅವರಿಗೆ ಏನೂ ಉಪಯೋಗವಿಲ್ಲ.

ಮೆಟ್ಟಿಲು

ಮಾರನೆಯ ದಿನ ಬೆಳಿಗ್ಗೆ ಎದ್ದಾಗ ಭಾಗ್ಯ ಕೋಣೆಯಲ್ಲಿರಲಿಲ್ಲ. ಇಂಗ್ರಿಡ್ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಮನೆಯ ಹೊರಗೆ, ಕಟ್ಟಡದ ಕಲ್ಲುಮೆಟ್ಟಿಲ ಮೇಲೆ, ಸ್ವೆಟರಿನ ಮೇಲೆ ಶಾಲು ಹೊದ್ದು ಭಾಗ್ಯ ಕೂತಿದ್ದಳು. ಕಿಟಕಿಯಾಚೆ ಕೊಳೆಯಾದ ಹಿಮ. ಇವರು ಇಲ್ಲಿ ಯಾಕೆ ಕೂತಿದ್ದಾರೆ, ನಾನೇನಾದರೂ ತಪ್ಪು ಮಾಡಿದೆನೇ ಎಂದು ಇಂಗ್ರಿಡ್ ಕೇಳಿದರು.

‘ಆಚೆ ಆಗಿವ್ನಿ ಮೇಡಂ,’ ಎಂದಳು ಭಾಗ್ಯ ನನಗೆ. ‘ಮನೇಲಿ ದೇವ್ರ ಫೋಟೋ ಅದೆ. ದೀಪ ಬ್ಯಾರೆ ಕತ್ತುಸವ್ರೆ.’

ಇಂಗ್ರಿಡ್‌ರ ಹಜಾರದಲ್ಲಿ ದಪ್ಪ ಗಡ್ಡದ ಮುದುಕನೊಬ್ಬನ ಚಿತ್ರ ತೂಗುಹಾಕಿತ್ತು. ಕೆಳಗೆ ಕೆಂಪು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಮೇಣದಬತ್ತಿ. ಅದು ಅವರ ಅಜ್ಜನ ಚಿತ್ರ; ಆ ಊರಿನಲ್ಲಿ ಮೊದಲ ಸಲ ಮುಷ್ಕರ ಹೂಡಿ ಮಗ್ಗ ನಿಲ್ಲಿಸಿದವರಲ್ಲಿ ಒಬ್ಬರಂತೆ. ಭಾಗ್ಯ ನಾಲ್ಕು ದಿನದಿಂದ ಅದಕ್ಕೆ ಹೋಗುವಾಗ ಬರುವಾಗ ಕೈಮುಗಿಯುತ್ತಿದ್ದಳು. ಇಂಗ್ರಿಡ್ ಅದನ್ನು ಕಾರ್ಮಿಕ ಚಳವಳಿಯ ಗೌರವ ಎಂದು ತಿಳಿದು ಮೆಚ್ಚಿಕೊಂಡಿದ್ದರು.

ಈಗ ನನಗೆ ಬೇರೆ ದಾರಿಯಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಆ ಪದವನ್ನು ಇಂಗ್ಲಿಷಿನಲ್ಲಿ, ವೈದ್ಯರು ಹೇಳುವ ಹಾಗೆ ಹೇಳಿದೆ. ನಿನ್ನೆ ಸಭೆಯಲ್ಲಿ ಹೇಳಿದ ‘ಹೊರಗೆ’ ಎಂದರೆ ಇದೇ ಎಂದೆ. ಹೊರಗಿಡುವುದು ಕಾರ್ಖಾನೆಯಲ್ಲ, ಮನೆ ಎಂದೆ. ಎಲ್ಲ ಮನೆಗಳೂ ಅಲ್ಲ ಎಂದು ಸೇರಿಸಿದೆ. ಆಮೇಲೆ, ನಮ್ಮ ಮನೆಯೂ ಎಂದೆ.

ಅಜ್ಜನ ಚಿತ್ರವನ್ನು ಭಾಗ್ಯ ದೇವರೆಂದು ತಿಳಿದದ್ದನ್ನೂ ಇಂಗ್ರಿಡ್‌ಗೆ ಹೇಳಿದೆ. ಅವರು ಮೊದಲು ನಕ್ಕಿದ್ದು ಅಜ್ಜನ ವಿಷಯಕ್ಕೆ. ಅವನು ಬದುಕಿರುವವರೆಗೂ ಚರ್ಚಿನ ಮೆಟ್ಟಿಲು ಹತ್ತಿದವನಲ್ಲವಂತೆ. ಆಮೇಲೆ ಹೇಳಿದರು: ಆ ಅಜ್ಜನ ಹೆಂಡತಿ ಹೆತ್ತ ಮೇಲೆ ಪಾದ್ರಿ ಬಂದು ಚರ್ಚಿಗೆ ಕರೆದುಕೊಂಡು ಹೋಗುವವರೆಗೂ ಮನೆ ಬಿಟ್ಟು ಈಚೆ ಬರುವಂತಿರಲಿಲ್ಲ. ಅಜ್ಜ ಊರಿನ ಮಗ್ಗಗಳನ್ನೆಲ್ಲ ನಿಲ್ಲಿಸಿದ, ಅದನ್ನು ನಿಲ್ಲಿಸಲಿಲ್ಲ.

ನಾನು ಭಾಗ್ಯಳಿಗೆ ಹೇಳಿದೆ. ಅವಳು, ‘ನಮ್ಮುನ್ನ ಆಚೆ, ಅವ್ರುನ್ನ ಒಳ್ಗೆ. ಒಟ್ನಲ್ಲಿ ಇರೋ ಜಾಗ್ದಲ್ಲಿ ಇರಂಗಿಲ್ಲ’ ಎಂದು ಎದ್ದು, ಬಟ್ಟೆ ಕೊಡವಿಕೊಂಡು ಒಳಗೆ ಬಂದಳು. ಗಡ್ಡದ ಅಜ್ಜನ ಕಡೆ ಮಾತ್ರ ನೋಡಲಿಲ್ಲ.

ಪತ್ರದ ವಿಷಯವನ್ನು ಆಗ ಅವಳಿಗೆ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವಳು ಬೈಯಲಿಲ್ಲ. ಆ ಕಾರ್ಖಾನೆ ಹೋದರೆ ತನಗೆ ಇನ್ನೇನಿದೆ ಎಂಬುದನ್ನು ಸಾವಕಾಶವಾಗಿ, ನಾನೇ ಅರ್ಥ ಮಾಡಿಕೊಳ್ಳಲಾರದವಳು ಎಂಬಂತೆ ವಿವರಿಸಿದಳು.

‘ಆ ಮೂರ್ ದಿನ ನಾನು ಒಳ್ಗಿರೋದು ಅದೊಂದೇ ಕಡೆ ಮೇಡಂ. ಪಕ್ಕದ್ ಮಿಷಿನ್ನೋಳು ನನ್ ಡಬ್ಬಿಗೇ ಕೈ ಆಕಿ ಉಣ್ತಾಳೆ. ಯಾರೂ ಕೇಳಾಕಿಲ್ಲ. ಜಗ್ಲಿಯಿಂದ ಬಸ್ ಅತ್ತಿ ಓಯ್ತೀನಿ, ಜಗ್ಲಿಗೇ ಬಂದು ಇಳೀತೀನಿ.’

ಹಾಗಾದರೆ ರಜೆ ಏಕೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ಕೇಳಿದೆ. ಅದು ನನಗೂ ಗೊತ್ತಿರಲಿಲ್ಲ.

‘ರಜ ಆಕ್ದೋರ ಎಸ್ರುನ್ನ, ಯಾತಕ್ಕೆ ಅಂತ ಬರ್ದು, ಗೇಟ್ ತಾವ ಅಂಟುಸ್ತಾರೆ. ನಮ್ಮೂರೋರು ಆರ್ ಜನ ಅವ್ರೆ ಬಸ್ಸಲ್ಲಿ. ಅತ್ತೆಗೆ ಗೊತ್ತಾದ್ರೆ ಮುಗೀತು. ಆಚೆ ಆದೋಳು ಒಲೆ ಮುಟ್ಟಂಗಿಲ್ಲ. ಕಬ್ಬಿನ್ ಗದ್ದೆ ಮುಟ್ಬೋದು. ಒತ್ತಾರೆಯಿಂದ ಸಂದೆಗಂಟ ಕಳೆ ಕೀಳ್ಬೇಕು. ಅದ್ಕಿಂತ ಕಾಲರ್ ಕೂರ್ಸದೇ ವಾಸಿ.’

ಸರ್ಕಾರ, ಸಂಘ, ಸಭೆ, ಭಾಷಣ, ಎಲ್ಲ ಸೇರಿ ಹೆಂಗಸಿಗೆ ಒಂದು ದಿನ ತಂದುಕೊಟ್ಟವು. ಆ ದಿನ ನೇರವಾಗಿ ಅತ್ತೆಯ ಗದ್ದೆಗೆ ಹೋಗಿ ಬೀಳುತ್ತಿತ್ತು.

ಇಂಗ್ರಿಡ್ ಇದನ್ನೆಲ್ಲ ನನ್ನ ಬಾಯಿಂದ ಕೇಳಿ, ನಮ್ಮಲ್ಲಿ ಮೈ ಸರಿಯಿಲ್ಲವೆಂದು ಫೋನ್ ಮಾಡಿದರೆ ಒಂದು ವಾರದವರೆಗೆ ಡಾಕ್ಟರ ಚೀಟಿಯನ್ನೂ ಯಾರೂ ಕೇಳುವಂತಿಲ್ಲ ಎಂದರು. ಭಾಗ್ಯ ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಆ ಐದು ದಿನಗಳಲ್ಲಿ ಹಿಮಕ್ಕಾಗಲಿ, ಎತ್ತರದ ಕಟ್ಟಡಗಳಿಗಾಗಲಿ ಅವಳು ಬೆರಗಾಗಿರಲಿಲ್ಲ. ಇದಕ್ಕೆ ಬೆರಗಾದಳು.

ಹನ್ನೆರಡಕ್ಕೆ ಮೊದಲು

ಹತ್ತೂವರೆಗೆ ನಾವು ಮೂವರು ಹೆಂಗಸರು ಕಚೇರಿಯಲ್ಲಿದ್ದೆವು. ಪತ್ರ ಸಿದ್ಧವಾಗಿತ್ತು. ‘ಬಾಗಿಲು ಮುಚ್ಚಿ ಹೊರಗಿಡುವುದು’ ಎಂಬುದು ಅದರ ತಲೆಬರಹ. ನಾನು ಯೋಹಾನ್‌ಗೆ ನಿನ್ನೆಯ ಅನುವಾದ ತಪ್ಪು ಎಂದೆ; ಪದಗಳಲ್ಲ, ಅನುವಾದ. ಎರಡನೇ ಸಲಕ್ಕೆ ಆ ಪದ ನನ್ನ ನಾಲಿಗೆಗೆ ಅಷ್ಟು ಭಾರವಾಗಲಿಲ್ಲ.

ಅವನ ಮುಖದಲ್ಲಿ ಮೊದಲು ಕಂಡದ್ದು ನಿರಾಸೆ. ಅದನ್ನು ಅಡಗಿಸಲು ಅವನು ಪಟ್ಟ ಪ್ರಯತ್ನವೂ ಕಂಡಿತು. ಹಾಗಾದರೆ ಇದು ಕಾರ್ಖಾನೆಯ ವಿಷಯವೇ ಅಲ್ಲವಲ್ಲ ಎಂದ. ನಾವು ಕಂಪನಿಗೆ ಪತ್ರ ಬರೆಯಬಹುದು, ಸರ್ಕಾರಕ್ಕೆ ಬರೆಯಬಹುದು. ಮನೆಗೆ ಬರೆಯಲು ನಮ್ಮಲ್ಲಿ ದಾರಿ ಇಲ್ಲ ಎಂದ. ಆ ಮನುಷ್ಯನಿಗೆ ಬೇಕಾಗಿದ್ದು ಒಂದು ಗೇಟು. ನಮ್ಮಲ್ಲಿದ್ದದ್ದು ಜಗಲಿ. ಅಷ್ಟರಲ್ಲಿ ಮರಿಸ್ವಾಮಣ್ಣನೂ ಬಂದರು. ವಿಷಯ ತಿಳಿದು, ಕೈಗೆ ಬಂದದ್ದನ್ನು ಹಾಳು ಮಾಡಿದಿರಿ, ಇದನ್ನೆಲ್ಲ ಗಂಡಸರ ಮುಂದೆ ಹೇಳಲು ನಾಚಿಕೆಯಾಗಲಿಲ್ಲವೇ ಎಂದು ನನ್ನನ್ನು ಕೇಳಿದರು. ಆಗಿತ್ತು, ಆದ್ದರಿಂದಲೇ ಇಷ್ಟೆಲ್ಲ ಆದದ್ದು ಎಂದೆ.

‘ಅಣ್ಣಾ, ನೀವು ಸುಮ್ಕಿರಿ ಸ್ವಲ್ಪ,’ ಎಂದಳು ಭಾಗ್ಯ. ಅವಳು ಅವರೆದುರು ಕೂತು ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು. ‘ಕಾಗ್ದ ಓಗ್ಲಿ. ಎರಡೇ ಬರೀಲಿ. ಟೋಕನ್ನು ತೆಗೀರಿ ಅಂತ. ರಜ ಕೊಡೋರು ಯಾತಕ್ಕೆ ಅಂತ ಗೇಟಲ್ಲಿ ಅಂಟುಸ್ಬ್ಯಾಡಿ ಅಂತ. ಅಷ್ಟೇಯ.’

ನಿಮ್ಮ ಹೆಸರನ್ನು ತೆಗೆದುಬಿಡುತ್ತೇವೆ, ಅದೇ ಕ್ಷೇಮ ಎಂದ ಯೋಹಾನ್. ನಾನೂ ಹಾಗೇ ಹೇಳಿದೆ. ಅವಳು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

‘ಇರ್ಲಿ. ನಿಜ ಬರುದ್ರೆ ಎಸ್ರು ಇರ್ಲಿ. ಎಸ್ರಿಲ್ದಿರೋ ಚೀಟಿ ಅಂಟ್ಸೋ ಬುದ್ಧಿ ನಂಗಿಲ್ಲ.’

ಈ ಕೊನೆಯ ಮಾತನ್ನು ನಾನು ಪೂರ್ತಿಯಾಗಿ, ಯಾವ ರಿಯಾಯಿತಿಯೂ ಇಲ್ಲದೆ ದಾಟಿಸಿದೆ. ಆ ಕೋಣೆಯಲ್ಲಿದ್ದ ಸ್ವೀಡನ್ನಿನವರು ಬಟ್ಟೆ ಒಗೆಯುವ ಕೋಣೆಗಳನ್ನು ನೆನೆದು ನೆಲ ನೋಡಿದರು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಪತ್ರ ಹೋಯಿತು, ಎರಡು ಸಾಲಿನದು.

ಪಾಂಡವಪುರ, ಬಸ್ ನಿಲ್ದಾಣ

ಬಂದು ಎರಡು ತಿಂಗಳಾದ ಮೇಲೆ ಒಂದು ದಿನ ಕಾಲೇಜಿನಲ್ಲಿ ಬೆಳಗಿನ ಒಂದೇ ತರಗತಿ ಇತ್ತು. ಕೃಷ್ಣರಾಜಪೇಟೆಯಿಂದ ವಾಪಸ್ ಬರುತ್ತಾ ಪಾಂಡವಪುರದಲ್ಲಿ ಬಸ್ಸು ಬದಲಾಯಿಸಲು ಇಳಿದೆ. ಹನ್ನೊಂದು ಗಂಟೆಯ ಬಿಸಿಲು. ನಿಲ್ದಾಣದ ಕಾಂಪೌಂಡಿನ ಪಕ್ಕ ಎರಡು ಕಂಬಕ್ಕೆ ಕಟ್ಟಿದ ದೊಡ್ಡ ಫ್ಲೆಕ್ಸು. ಹಿಮದ ಮುಂದೆ ಸೂಟು ತೊಟ್ಟು ನಿಂತ ಮರಿಸ್ವಾಮಣ್ಣ. ‘ವಿದೇಶದಲ್ಲಿ ಮೊಳಗಿದ ಕಾರ್ಮಿಕರ ದನಿ’ ಎಂದು ಮೇಲೆ, ಅಭಿನಂದಿಸುವವರ ಇಪ್ಪತ್ತು ಪುಟ್ಟ ಮುಖಗಳು ಕೆಳಗೆ. ಆ ಫೋಟೋದಲ್ಲಿ ಅವರ ಬಲಕ್ಕೆ ನಾವಿಬ್ಬರೂ ಇದ್ದೆವು. ನಮ್ಮನ್ನು ಕತ್ತರಿಸಿದ್ದರು, ನನ್ನ ಮೊಣಕೈ ಉಳಿದುಕೊಂಡಿತ್ತು.

ಆ ಫ್ಲೆಕ್ಸಿನ ಬುಡದಲ್ಲಿ ಭಾಗ್ಯ ಕೂತಿದ್ದಳು. ಕಂಪನಿಯ ಗುರುತಿನ ಚೀಟಿ ಕೊರಳಲ್ಲಿತ್ತು, ಪಕ್ಕದಲ್ಲಿ ಊಟದ ಡಬ್ಬಿ. ಕೆಲಸ ಹೋಯಿತೇ ಎಂದು ಕೇಳಿದೆ.

ಹೋಗಿರಲಿಲ್ಲ. ಪತ್ರ ಬಂದಿತ್ತು, ಅವಳನ್ನು ಕರೆಸಿ ಒಂದು ಗಂಟೆ ನಿಲ್ಲಿಸಿಕೊಂಡು ಕೇಳಿದ್ದರು. ಬರೆದದ್ದರಲ್ಲಿ ಸುಳ್ಳು ಸಿಗಲಿಲ್ಲ, ಕಳಿಸಿದರು. ಟೋಕನ್ ಪದ್ಧತಿಯನ್ನು ಸುಧಾರಿಸಿದ್ದಾರೆ: ಈಗ ಲೈನಿಗೆ ಎರಡು ಬಿಲ್ಲೆ. ರಜೆಯ ಪಟ್ಟಿಯನ್ನು ಗೇಟಿನಲ್ಲಿ ಅಂಟಿಸುವುದನ್ನು ನಿಲ್ಲಿಸಿದ್ದಾರೆ. ಯಾರು ಯಾವತ್ತು ರಜೆ ಹಾಕಿದರು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ.

‘ಇವತ್ತು ರಜ,’ ಎಂದಳು. ‘ಮೊದುಲ್ನೇ ಸಲ ತಕಂಡಿರೋದು.’

ಬಸ್ಸಿನಲ್ಲಿ ಎಲ್ಲರ ಜೊತೆ ಬಂದು, ಗೇಟಿನ ಹತ್ತಿರ ಇಳಿದು, ಆಟೋ ಹಿಡಿದು ಇಲ್ಲಿಗೆ ಬಂದು ಕೂತಿದ್ದಾಳೆ. ಸಂಜೆ ಐದೂವರೆಗೆ ಮತ್ತೆ ಗೇಟಿಗೆ ಹೋಗಿ ಅದೇ ಬಸ್ಸು ಹತ್ತಿ ಊರಿಗೆ ಹೋಗಬೇಕು. ಮನೆಗೆ ಹೋಗುವ ಹಾಗಿಲ್ಲ. ಕರಿಘಟ್ಟಕ್ಕೆ ಹೋಗೋಣವೆಂದರೆ ದೇವಸ್ಥಾನ, ಈ ದಿನ ಹತ್ತುವ ಹಾಗಿಲ್ಲ. ನಮ್ಮ ಮನೆಗೆ ಬಾ ಎನ್ನಬೇಕೆಂದು ಬಾಯಿ ತೆರೆದೆ. ಅಮ್ಮ ಬಾಗಿಲಲ್ಲೇ ಏನು ಕೇಳುತ್ತಾರೆ ಎಂಬುದು ನೆನಪಾಗಿ ಮುಚ್ಚಿದೆ. ನನ್ನ ಬಾಯಿ ತೆರೆದದ್ದೂ ಮುಚ್ಚಿದ್ದೂ ಅವಳಿಗೆ ಕಂಡಿತು. ಏನೂ ಕಾಣದವಳಂತೆ ಡಬ್ಬಿ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು.

‘ಕೂತ್ಕಳಿ ಮೇಡಂ. ಅಣ್ಣನಿಂದ ಇಷ್ಟಾದ್ರೂ ಆಯ್ತಲ್ಲ, ನೆಳ್ಳು.’

ನಾನು ಕೂತೆ. ನನ್ನ ಬಸ್ಸು ಬಂದು ಹೋಯಿತು. ಹನ್ನೆರಡೂವರೆಗೆ ನೆರಳು ಸರಿಯಿತು. ಇಬ್ಬರೂ ಎದ್ದು ಫ್ಲೆಕ್ಸಿನ ಇನ್ನೊಂದು ಬದಿಗೆ, ಏನೂ ಅಚ್ಚಾಗಿರದ ಬದಿಗೆ, ಹೋಗಿ ಕೂತು ಡಬ್ಬಿ ತೆರೆದೆವು.